ಫೋಟೋದ ಹಿಂದೆ ಏನು ಬರೀಬೇಕು?

ನಾಶಿಕ್‌ಗೆ ಬಂದು ಮೂವತ್ತು ವರ್ಷ ದಾಟಿತು. ಊರು ಬಿಟ್ಟು ಬಂದವರಿಗೆಲ್ಲ ಒಂದೊಂದು ಹುಚ್ಚು ಅಂಟಿಕೊಳ್ಳುತ್ತೆ ನೋಡಿ. ಕೆಲವರು ಕನ್ನಡ ಸಂಘ ಕಟ್ಟುತ್ತಾರೆ, ಕೆಲವರು ಊರಿಂದ ಜೋಳದ ಹಿಟ್ಟು ತರಿಸುತ್ತಾರೆ. ನನಗೆ ಅಂಟಿದ್ದು ಕ್ಯಾಮೆರಾ. ಬಾದಾಮಿ ಕಡೆಯವನಾದ್ದರಿಂದ ಕಲ್ಲು ಕಂಡರೆ ಕೈ ಸುಮ್ಮನಿರುವುದಿಲ್ಲ. ಇಲ್ಲಿ ಕಲ್ಲಿಗೇನು ಕಡಿಮೆಯೇ? ಊರ ಪಕ್ಕದಲ್ಲೇ ಪಾಂಡವಲೇಣಿ. ಒಂದು ಹಗಲು ಗಾಡಿ ಓಡಿಸಿದರೆ ವೆರೂಳ, ಅಂದರೆ ನಮ್ಮ ಎಲ್ಲೋರಾ. ಇನ್ನೂ ನೂರು ಕಿಲೋಮೀಟರ್ ಹೋದರೆ ಅಜಂತಾ.

ಇಲ್ಲಿನ ಒಂದು ಪುಟ್ಟ ಫೋಟೋಗ್ರಫಿ ಕ್ಲಬ್ಬಿನಲ್ಲಿ ನಾನೂ ಒಬ್ಬ ಮೆಂಬರು. ಕ್ಲಬ್ಬಿಗೊಂದು ಆನ್‌ಲೈನ್ ಗ್ಯಾಲರಿ ಇದೆ. ತಿಂಗಳಿಗೆ ಇಷ್ಟು ಅಂತ ಫೋಟೋ ಕಳಿಸಬೇಕು. ಉದ್ದನೆಯ ಬದಿ 1920 ಪಿಕ್ಸೆಲ್ ಮೀರಬಾರದು, ಫೈಲು ಎರಡು ಎಂಬಿ ಮೀರಬಾರದು, ಟೈಟಲ್ ಕಡ್ಡಾಯ. ಊರು, ತಾರೀಖು, ವಿವರ? ಅದು ಐಚ್ಛಿಕ! ಹೀಗಾಗಿ ನಮ್ಮ ಗ್ಯಾಲರಿ ತುಂಬ 'ನಿರೀಕ್ಷೆ', 'ಮೌನ', 'ಧ್ಯಾನ' ಎಂಬ ಟೈಟಲ್ಲುಗಳು. ಸಿಂಹಸ್ಥ ಕುಂಭಮೇಳದ ಸಾಧುಗಳ ಫೋಟೋಗಳೇ ನೂರಾರಿವೆ. ಯಾವುದು 2003ರದು, ಯಾವುದು 2015ರದು ಅಂತ ಕೇಳಿದರೆ ತೆಗೆದವರೇ ತಲೆ ಕೆರೆದುಕೊಳ್ಳುತ್ತಾರೆ. ಈ ಐಚ್ಛಿಕ ಅನ್ನುವ ಪದದ ಬಗ್ಗೆಯೇ ಇವತ್ತು ಸ್ವಲ್ಪ ಹರಟೋಣ ಅಂತ. ಯಾಕೆಂದರೆ ಇದರ ಹಿಂದೆ ನೂರ ಎಪ್ಪತ್ತು ವರ್ಷದ ಚರಿತ್ರೆ ಇದೆ. ಅದರಲ್ಲಿ ನಮ್ಮ ಬಾದಾಮಿ, ವಿಜಾಪುರ, ಧಾರವಾಡಗಳೂ ಬರುತ್ತವೆ.

ಕ್ಲಬ್ಬಿಗೆ ಫೋಟೋ ಕಳಿಸುವುದು ಇಂಟರ್‌ನೆಟ್ ಬಂದ ಮೇಲೆ ಹುಟ್ಟಿದ ಚಾಳಿ ಅಂತ ನೀವು ಅಂದುಕೊಂಡಿರಬಹುದು. ಅಲ್ಲವೇ ಅಲ್ಲ. ಫೋಟೋಗ್ರಫಿ ಎಂಬ ವಿದ್ಯೆ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಲಂಡನ್ನಿನಲ್ಲಿ ಫೋಟೋಗ್ರಫಿ ಸಂಘ ಶುರುವಾದದ್ದು 1853ರಲ್ಲಿ. ಅದರ ಮರುವರ್ಷವೇ, 1854ರಲ್ಲಿ, ಬೊಂಬಾಯಿಯಲ್ಲಿ ಒಂದು ಸಂಘ ಹುಟ್ಟಿತು! ಮದ್ರಾಸು ಮತ್ತು ಕಲ್ಕತ್ತೆಯ ಸಂಘಗಳು ಬಂದದ್ದು 1856ರಲ್ಲಿ. ಬೊಂಬಾಯಿ ಸಂಘದಲ್ಲಿ ಬರೀ ಬಿಳಿಯರು ಇರಲಿಲ್ಲ ಅನ್ನುವುದು ಗಮನಿಸಬೇಕಾದ ಮಾತು. ಡಾಕ್ಟರ್ ಭಾವು ದಾಜಿ ಲಾಡ್ ಮತ್ತು ಅವರ ತಮ್ಮ ಡಾಕ್ಟರ್ ನಾರಾಯಣ ದಾಜಿ ಇಬ್ಬರೂ ಸದಸ್ಯರು. ಇಬ್ಬರೂ ವೈದ್ಯರು, ಇಬ್ಬರಿಗೂ ಕ್ಯಾಮೆರಾ ಹುಚ್ಚು. ಅಣ್ಣನ ಹೆಸರಲ್ಲಿ ಇಂದು ಮುಂಬಯಿಯ ಭಾಯಖಳಾದಲ್ಲಿ ಮ್ಯೂಸಿಯಂ ಇದೆ, ಹಲವರು ನೋಡಿರಬಹುದು. ಅಜಂತಾ ಗುಹೆಗಳ ಶಾಸನಗಳನ್ನು ಓದಿ 1860ರ ದಶಕದಲ್ಲಿ ಪ್ರಕಟಿಸಿದವರೂ ಇದೇ ಭಾವು ದಾಜಿ.

ಆಗಿನ ಸದಸ್ಯರು ತಾವು ತೆಗೆದ ಫೋಟೋಗಳನ್ನು ಸಭೆಗೆ ತಂದು ತೋರಿಸುತ್ತಿದ್ದರು. ಸಂಘದ ಆಶ್ರಯದಲ್ಲಿ ಜಾನ್ಸನ್ ಮತ್ತು ಹೆಂಡರ್ಸನ್ ಎಂಬಿಬ್ಬರು 1856ರಿಂದ 1858ರವರೆಗೆ ಹವ್ಯಾಸಿಗಳ ಆಲ್ಬಮ್ ಒಂದನ್ನು ತಿಂಗಳ ಕಂತಿನಲ್ಲಿ ಹೊರತಂದರು. ಅಚ್ಚು ಹಾಕಿದ ಚಿತ್ರವಲ್ಲ, ಅಸಲಿ ಫೋಟೋವನ್ನೇ ಕಾಗದಕ್ಕೆ ಅಂಟಿಸಿ, ಜೊತೆಗೆ ವಿವರಣೆಯನ್ನೂ ಕೊಟ್ಟು. ಸ್ವಲ್ಪ ಯೋಚಿಸಿ ನೋಡಿ, ಇದು ನಮ್ಮ ಗ್ಯಾಲರಿಯ ಮುತ್ತಾತನಲ್ಲದೆ ಮತ್ತೇನು? ತಿಂಗಳ ಲೆಕ್ಕವೂ ಅದೇ, ಹವ್ಯಾಸಿಗಳೂ ಅವರೇ. ಒಂದೇ ವ್ಯತ್ಯಾಸ. ಅಲ್ಲಿ ವಿವರಣೆ ಐಚ್ಛಿಕವಾಗಿರಲಿಲ್ಲ.

ಈ ಸಂಘದ ಇನ್ನೊಬ್ಬ ಸದಸ್ಯ ಕ್ಯಾಪ್ಟನ್ ಥಾಮಸ್ ಬಿಗ್ಸ್. ಬೊಂಬಾಯಿ ತೋಪಖಾನೆಯ ಅಧಿಕಾರಿ. ಕನ್ನಡಿಗರು ಈತನ ಹೆಸರನ್ನು ನೆನಪಿಟ್ಟುಕೊಳ್ಳಬೇಕು ಅಂತ ನನ್ನ ಅಭಿಪ್ರಾಯ. ಕಾರಣ ಹೇಳುತ್ತೇನೆ. ಹಳೆಯ ಕಟ್ಟಡಗಳ ಚಿತ್ರ ಬರೆಸಲು ಕಲಾವಿದರನ್ನು ವರ್ಷಗಟ್ಟಲೆ ಸಾಕುವುದಕ್ಕಿಂತ ಫೋಟೋ ತೆಗೆಸುವುದು ಅಗ್ಗ, ಕರಾರುವಾಕ್ಕು ಕೂಡ, ಅಂತ ಕಂಪನಿ ಸರ್ಕಾರಕ್ಕೆ ಹೊಳೆಯಿತು. 1855ರಲ್ಲಿ ಬಿಗ್ಸ್‌ನನ್ನು ಸರ್ಕಾರಿ ಫೋಟೋಗ್ರಾಫರ್ ಅಂತ ನೇಮಿಸಿ ಕಳಿಸಿದ್ದು ಎಲ್ಲಿಗೆ ಗೊತ್ತೇ? ವಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲಿಗೆ! ವರ್ಷ ಮುಗಿಯುವಷ್ಟರಲ್ಲಿ ಆತ ಮತ್ತೆ ಸೈನ್ಯದ ಕೆಲಸಕ್ಕೆ ಹೋಗಬೇಕಾಯಿತು. ಅವನ ಜಾಗಕ್ಕೆ ಡಾಕ್ಟರ್ ಪಿಗೌ ಬಂದ, ಆಮೇಲೆ ನೀಲ್ ಎಂಬವನು. ಇದಕ್ಕೂ ಮೊದಲು, 1854ರ ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲಿದ್ದ ಮದ್ರಾಸ್ ಸೈನ್ಯದ ಲಿನಿಯಸ್ ಟ್ರೈಪ್ ಎಂಬಾತ ಬೇಲೂರು, ಹಳೇಬೀಡುಗಳ ಫೋಟೋ ತೆಗೆದು 1855ರ ಮದ್ರಾಸ್ ಪ್ರದರ್ಶನಕ್ಕೆ ಕಳಿಸಿ ಮೊದಲ ದರ್ಜೆಯ ಪದಕ ಗೆದ್ದಿದ್ದ. 1856ರಲ್ಲಿ ಗ್ರೀನ್‌ಲಾ ಎಂಬ ಇನ್ನೊಬ್ಬ ಅಧಿಕಾರಿ ಹಂಪಿಯನ್ನು ಸೆರೆಹಿಡಿದ. ಎರಡೇ ಎರಡು ವರ್ಷದಲ್ಲಿ ಕನ್ನಡ ನಾಡಿನ ಅರ್ಧ ಕಲ್ಲಿನ ಚರಿತ್ರೆ ಕಾಗದಕ್ಕೆ ಇಳಿದುಬಿಟ್ಟಿತು!

ಬಿಗ್ಸ್ ಕಾಲದ ಕೆಲಸ ಹೇಗಿತ್ತು ಅಂತ ಸ್ವಲ್ಪ ಹೇಳಲೇಬೇಕು. ಫಿಲ್ಮು ಇಲ್ಲ, ಕಾಗದವೇ ನೆಗೆಟಿವ್. ಬೆಳ್ಳಿಯ ಲವಣ ಹಚ್ಚಿದ ಕಾಗದವನ್ನು ದೊಡ್ಡ ಮರದ ಪೆಟ್ಟಿಗೆಯೊಳಗಿಟ್ಟು ನಿಮಿಷಗಟ್ಟಲೆ ಬೆಳಕು ತೋರಿಸಬೇಕು. ಅದಕ್ಕೇ ಆ ಕಾಲದ ಚಿತ್ರಗಳಲ್ಲಿ ಕಲ್ಲು ಸ್ಪಷ್ಟ, ಮನುಷ್ಯರು ಮಸುಕು. ಅಲುಗಾಡದೆ ನಿಂತವರು ಮಾತ್ರ ಉಳಿದಿದ್ದಾರೆ. ಆಳೆತ್ತರ ಗೊತ್ತಾಗಲಿ ಅಂತ ಕಂಬದ ಪಕ್ಕ ಊರಿನವರನ್ನು ನಿಲ್ಲಿಸುವುದು ಆಗಿನ ಫೋಟೋಗ್ರಾಫರುಗಳ ರೂಢಿ. ಅಂಥ ಹಳೆಯ ಫೋಟೋ ಕಂಡಾಗಲೆಲ್ಲ ನಾನು ಮೊದಲು ನೋಡುವುದು ಆ ಮನುಷ್ಯನನ್ನು, ಆಮೇಲೆ ದೇವಸ್ಥಾನ. ಯಾರ ಮನೆಯವನೋ, ಎಷ್ಟು ಹೊತ್ತು ನಿಂತನೋ. ಕಂಬದ ಹೆಸರು ಬರೆದಿಟ್ಟರು, ನಿಂತವನ ಹೆಸರು ಬರೆಯಲಿಲ್ಲ. ಅದು ಆ ಕಾಲದ ಐಚ್ಛಿಕ.

ಈ ಫೋಟೋಗಳು 1866ರಲ್ಲಿ ದೊಡ್ಡ ದೊಡ್ಡ ಪುಸ್ತಕಗಳಾದವು. ಒಂದು ವಿಜಾಪುರದ ಕಟ್ಟಡಗಳ ಮೇಲೆ, ಇನ್ನೊಂದು ಧಾರವಾಡ ಮತ್ತು ಮೈಸೂರು ಸೀಮೆಯ ಮೇಲೆ. ಖರ್ಚು ಹಾಕಿದವರು ಬೊಂಬಾಯಿಯ ಹತ್ತಿ ವ್ಯಾಪಾರದ ಸಾಹುಕಾರರು. ಪ್ರೇಮಚಂದ್ ರಾಯಚಂದ್ ಅಂಥವರು. ಬರೆದವರು ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್. ಸುರಪುರದಲ್ಲಿದ್ದ ಟೇಲರ್ ನಮಗೆ ಗೊತ್ತಿರುವವನೇ. ಫರ್ಗುಸನ್ ಮಾತ್ರ ನಮ್ಮ ಕಡೆಯ ಎಷ್ಟೋ ದೇವಸ್ಥಾನಗಳ ಬಗ್ಗೆ ಬರೆದದ್ದು ಲಂಡನ್ನಿನಲ್ಲಿ ಕೂತು, ಫೋಟೋ ನೋಡಿಕೊಂಡು. ಇದು ಸಾಧ್ಯವಾದದ್ದು ಹೇಗೆ? ಫೋಟೋ ಯಾವ ಊರಿನದು, ಯಾವ ಗುಡಿ ಅಂತ ತೆಗೆದವನು ಬರೆದು ಕಳಿಸಿದ್ದಕ್ಕೆ. ಬಿಗ್ಸ್ ಆ ಚಿತ್ರಗಳಿಗೆ 'ಮೌನ' ಅಂತ ಹೆಸರಿಟ್ಟಿದ್ದರೆ ಏನು ಗತಿ ಹೇಳಿ!

ಈಗ ನಮ್ಮ ಮರಾಠವಾಡಾ ಕಡೆಗೆ ಬರೋಣ. ಅಜಂತಾದ ಕಥೆ ಇನ್ನೂ ಕಣ್ಣು ತೆರೆಸುವಂಥದ್ದು. ಮದ್ರಾಸ್ ಸೈನ್ಯದ ರಾಬರ್ಟ್ ಗಿಲ್‌ನನ್ನು 1844ರಲ್ಲಿ ಅಜಂತಾದ ಭಿತ್ತಿಚಿತ್ರಗಳ ನಕಲು ಬರೆಯಲು ನೇಮಿಸಿದರು. ಕತ್ತಲೆ ಗುಹೆ, ಬಾವಲಿ, ಜ್ವರ, ಸುತ್ತ ಕಾಡು. ಮನುಷ್ಯ ಸುಮಾರು ಇಪ್ಪತ್ತು ವರ್ಷ ಅಲ್ಲೇ ಕಳೆದ. ಪಾರೋ ಎಂಬ ಸ್ಥಳೀಯ ಹೆಣ್ಣುಮಗಳು ಅವನ ಸಂಗಾತಿ. ಆಕೆ 1856ರಲ್ಲಿ ತೀರಿಕೊಂಡಳು. ಅಜಿಂಠಾ ಊರಿನಲ್ಲಿ ಆಕೆಯ ಸಮಾಧಿ ಇದೆ. ಈ ಕಥೆಯ ಮೇಲೆ 2012ರಲ್ಲಿ ಮರಾಠಿ ಸಿನಿಮಾ ಕೂಡ ಬಂತು. ಗಿಲ್ ಬರೆದ ಆಳೆತ್ತರದ ತೈಲಚಿತ್ರಗಳು ಲಂಡನ್ನಿಗೆ ಹೋದವು. ಸಿಡನ್‌ಹ್ಯಾಮ್‌ನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ತೂಗುಹಾಕಿದರು. 1866ರಲ್ಲಿ ಅಲ್ಲಿ ಬೆಂಕಿ ಬಿತ್ತು. ಬಹುಪಾಲು ಸುಟ್ಟು ಬೂದಿ. ಇಪ್ಪತ್ತು ವರ್ಷದ ಬೆವರು ಒಂದೇ ಬೆಂಕಿಗೆ!

ಅಷ್ಟಕ್ಕೇ ಮುಗಿಯಲಿಲ್ಲ. ಬೊಂಬಾಯಿಯ ಜೆ. ಜೆ. ಕಲಾಶಾಲೆಯ ಜಾನ್ ಗ್ರಿಫಿತ್ಸ್ 1872ರಿಂದ ತನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಮತ್ತೆ ನಕಲು ಮಾಡಿಸಿದ. ಹದಿಮೂರು ವರ್ಷದ ಕೆಲಸ. ಅವನ್ನೂ ಲಂಡನ್ನಿಗೆ ಸಾಗಿಸಿದರು. 1885ರಲ್ಲಿ ಸೌತ್ ಕೆನ್ಸಿಂಗ್ಟನ್‌ನಲ್ಲಿ ಮತ್ತೆ ಬೆಂಕಿ, ಮತ್ತೆ ಎಷ್ಟೋ ಚಿತ್ರಗಳು ನಾಶ. ಅಜಂತಾದ ಹಣೆಬರಹವೇ ಹೀಗೋ ಅಥವಾ ಎಲ್ಲವನ್ನೂ ಒಂದೇ ಕಡೆ ಇಡುವ ಬುದ್ಧಿಯ ಫಲವೋ? ನನಗಂತೂ ಎರಡನೆಯದೇ ಸರಿ ಅನ್ನಿಸುತ್ತೆ.

ಉಳಿದದ್ದು ಏನು ಅಂತ ಕೇಳಿ. ಗಿಲ್ 1850ರ ದಶಕದಲ್ಲಿ ಕುಂಚದ ಜೊತೆಗೆ ಕ್ಯಾಮೆರಾವನ್ನೂ ಹಿಡಿದಿದ್ದ. ಎರಡು ಕಣ್ಣಿಗೆ ಎರಡು ಚಿತ್ರ ಬರುವಂಥ ಸ್ಟೀರಿಯೋ ಫೋಟೋಗಳು. ನಮ್ಮ ಚಿಕ್ಕಂದಿನಲ್ಲಿ ಜಾತ್ರೆಯಲ್ಲಿ ಕಣ್ಣಿಗೆ ಹಿಡಿದು ನೋಡುತ್ತಿದ್ದೆವಲ್ಲ ಡಬ್ಬಿ, ಅದರ ಹಿರಿಯಣ್ಣ. ಅಜಂತಾ, ಎಲ್ಲೋರಾಗಳ ಅವನ 74 ಫೋಟೋಗಳಿಗೆ ಫರ್ಗುಸನ್ ವಿವರಣೆ ಬರೆದು 1864ರಲ್ಲಿ ಪುಸ್ತಕ ಮಾಡಿದ. ಇನ್ನೊಂದು ಪುಸ್ತಕದಲ್ಲಿ ನೂರು ಸ್ಟೀರಿಯೋ ಚಿತ್ರಗಳು. ಒಂದೊಂದು ಪ್ರತಿ ಒಂದೊಂದು ಗ್ರಂಥಾಲಯಕ್ಕೆ ಹೋಯಿತು. ಹಾಗಾಗಿ ಯಾವ ಒಂದು ಬೆಂಕಿಗೂ ಅವು ಸಿಗಲಿಲ್ಲ. ಆ ಬಣ್ಣದ ತೈಲಚಿತ್ರಗಳ ಮುಂದೆ ಈ ಕಪ್ಪು-ಬಿಳುಪು ಫೋಟೋಗಳು ಬಡಪಾಯಿಗಳು, ನಿಜ. ಆದರೆ ಹಲವು ಪ್ರತಿ ಇದ್ದದ್ದು ಬದುಕಿತು, ಒಂದೇ ಪ್ರತಿ ಇದ್ದದ್ದು ಹೋಯಿತು. ಗಿಲ್ 1879ರಲ್ಲಿ ತೀರಿಕೊಂಡ. ಭುಸಾವಳದಲ್ಲಿ ಅವನ ಗೋರಿ ಇದೆ.

ಆಮೇಲೆ ಗುಲಾಂ ಯಜ್ದಾನಿ ಬಂದರು. ನಿಜಾಮರ ಪುರಾತತ್ವ ಇಲಾಖೆ 1914ರಲ್ಲಿ ಶುರುವಾಗಿತ್ತು, ಇವರು ಅದರ ಮುಖ್ಯಸ್ಥರು. 1930ರಿಂದ 1955ರವರೆಗೆ ನಾಲ್ಕು ಭಾಗಗಳಲ್ಲಿ ಅಜಂತಾದ ಚಿತ್ರಗಳನ್ನು ಬಣ್ಣದ ಮತ್ತು ಕಪ್ಪು-ಬಿಳುಪು ಫೋಟೋಗಳ ಮೂಲಕ ಪ್ರಕಟಿಸಿದರು. 1990ರ ದಶಕದ ಆರಂಭದಲ್ಲಿ ಬಿನೋಯ್ ಬೆಹ್ಲ್ ಗುಹೆಯೊಳಗಿನ ಮಂದ ಬೆಳಕಿನಲ್ಲೇ ಬಣ್ಣ ಕೆಡದಂತೆ ತೆಗೆದರು. ಭಿತ್ತಿಯ ಮೇಲೆ ಯಾವ ವರ್ಷ ಎಷ್ಟು ಬಣ್ಣ ಉದುರಿದೆ ಅಂತ ಇವತ್ತು ತಿಳಿಯಬೇಕಾದರೆ ಇವರೆಲ್ಲರ ಫೋಟೋಗಳನ್ನು ಸಾಲಾಗಿ ಇಟ್ಟು ನೋಡಬೇಕು. ಸಾಲಾಗಿ ಇಡಬೇಕಾದರೆ ವರ್ಷ ಗೊತ್ತಿರಬೇಕು. ಇಷ್ಟೇ ಸಂಗತಿ.

ಇಲ್ಲಿ ಒಂದು ಸಣ್ಣ ಅಡ್ಡಮಾತು. ಔರಂಗಾಬಾದು, ಅಂದರೆ ಈಗಿನ ಛತ್ರಪತಿ ಸಂಭಾಜಿನಗರ, 1956ರ ನವೆಂಬರ್ 1ರ ತನಕ ನಮ್ಮ ಬೀದರ, ಕಲಬುರಗಿ, ರಾಯಚೂರುಗಳ ಜೊತೆ ಒಂದೇ ಹೈದರಾಬಾದ್ ಸೂರಿನ ಕೆಳಗಿತ್ತು. ಎಲ್ಲೋರಾದ ಕೈಲಾಸ ಕೊರೆಸಿದ್ದು ರಾಷ್ಟ್ರಕೂಟರ ಒಂದನೇ ಕೃಷ್ಣ. ಪಟ್ಟದಕಲ್ಲಿನ ವಿರೂಪಾಕ್ಷ ದೇವಸ್ಥಾನ ನೋಡಿ ಆಮೇಲೆ ಕೈಲಾಸದ ಮುಂದೆ ನಿಂತರೆ, ದೊಡ್ಡಪ್ಪನ ಮನೆಗೆ ಬಂದ ಹಾಗಾಗುತ್ತೆ. ಅದೇ ಶಿಖರದ ಧಾಟಿ, ಎದುರಿಗೆ ಅದೇ ನಂದಿಮಂಟಪ. ಈ ಎರಡನ್ನೂ ಒಂದೇ ಕೋನದಿಂದ ತೆಗೆದು ಜೋಡಿಯಾಗಿ ಗ್ಯಾಲರಿಗೆ ಕಳಿಸುವುದು ನನ್ನ ಹಳೆಯ ಹವ್ಯಾಸ. ಮರಾಠಿ ಗೆಳೆಯರು "ಏ ತುಮ್ಚಾ ಕರ್ನಾಟಕಚ್ ಆಹೇ ಕಾ?" ಅಂತ ಕಣ್ಣರಳಿಸುತ್ತಾರೆ. ಎದೆ ಉಬ್ಬದೆ ಇರುತ್ತಾ?

ನಾಶಿಕಿಗೂ ಈ ಚರಿತ್ರೆಯಲ್ಲಿ ದೊಡ್ಡ ಪಾಲಿದೆ. ದಾದಾಸಾಹೇಬ್ ಫಾಳ್ಕೆ ಹುಟ್ಟಿದ್ದು ಪಕ್ಕದ ತ್ರ್ಯಂಬಕದಲ್ಲಿ, 1870ರಲ್ಲಿ. ಸಿನಿಮಾ ಅಂದರೆ ಫಾಳ್ಕೆ ಅಂತ ಎಲ್ಲರಿಗೂ ಗೊತ್ತು. ಅವರು ಮೊದಲು ಫೋಟೋಗ್ರಾಫರ್ ಆಗಿದ್ದರು ಅನ್ನುವುದು ಅಷ್ಟಾಗಿ ಗೊತ್ತಿಲ್ಲ. ಜೆ. ಜೆ. ಶಾಲೆ ಮುಗಿಸಿ ಬರೋಡೆಯ ಕಲಾಭವನದಲ್ಲಿ ಫೋಟೋಗ್ರಫಿ ಕಲಿತು ಗೋಧ್ರಾದಲ್ಲಿ ಸ್ಟುಡಿಯೋ ಇಟ್ಟರು. ಪ್ಲೇಗಿನಲ್ಲಿ ಹೆಂಡತಿ, ಮಗುವನ್ನು ಕಳೆದುಕೊಂಡು ಆ ಊರು ಬಿಟ್ಟರು. ಕ್ಯಾಮೆರಾ ಮೈಯ ಶಕ್ತಿ ಹೀರುತ್ತೆ ಅಂತ ಜನ ಹೆದರಿ ದೂರ ಇರುತ್ತಿದ್ದರಂತೆ! ಮುಂದೆ ಪುರಾತತ್ವ ಇಲಾಖೆಯಲ್ಲೂ ಸ್ವಲ್ಪ ಕಾಲ ಕೆಲಸ ಮಾಡಿದರು. 'ರಾಜಾ ಹರಿಶ್ಚಂದ್ರ'ಕ್ಕೆ ಮೊದಲು ಅವರೊಂದು ಪ್ರಯೋಗ ಮಾಡಿದ್ದರು. ಕುಂಡದಲ್ಲಿ ಬಟಾಣಿ ನೆಟ್ಟು, ಅದು ಮೊಳೆತು ಬಳ್ಳಿಯಾಗುವ ತನಕ ಕ್ಯಾಮೆರಾ ಅಲುಗಿಸದೆ ಬಿಡಿ ಬಿಡಿ ಚಿತ್ರ ತೆಗೆಯುತ್ತ ಹೋದರು. ಒಟ್ಟಿಗೆ ಓಡಿಸಿದಾಗ ಕಣ್ಣೆದುರೇ ಗಿಡ ಬೆಳೆಯಿತು. ಅದನ್ನು ನೋಡಿ ಸಾಲ ಕೊಡುವವರು ಮುಂದೆ ಬಂದರು ಅಂತ ಹೇಳುತ್ತಾರೆ. 1913ರಲ್ಲಿ ಸಿನಿಮಾ ತೆರೆಕಂಡ ಮೇಲೆ ಕೆಲಸವನ್ನು ನಾಶಿಕಿಗೇ ತಂದರು. 1944ರಲ್ಲಿ ತೀರಿಕೊಂಡದ್ದೂ ಇಲ್ಲೇ. ಪಾಂಡವಲೇಣಿ ಗುಡ್ಡದ ಬುಡದಲ್ಲಿ ಅವರ ಸ್ಮಾರಕ ಇದೆ. ಒಂದೇ ಜಾಗ, ಒಂದೇ ಕೋನ, ಬೇರೆ ಬೇರೆ ದಿನ. ಬಿಡಿ ಫೋಟೋಗಿಂತ ಸಾಲು ಫೋಟೋಕ್ಕೆ ಬೆಲೆ ಹೆಚ್ಚು ಅನ್ನುವ ಪಾಠ ಆ ಬಟಾಣಿ ಬಳ್ಳಿಯಲ್ಲೂ ಇದೆ.

ಸ್ವಾತಂತ್ರ್ಯ ಬಂದ ಮೇಲಿನ ಕ್ಲಬ್ಬುಗಳ ಕಥೆಯಲ್ಲಿ ಮತ್ತೆ ಕನ್ನಡನಾಡೇ ಮುಂದೆ. 1953ರಲ್ಲಿ ಭಾರತೀಯ ಫೋಟೋಗ್ರಫಿ ಒಕ್ಕೂಟ ಕಟ್ಟಿದವರು ಬೆಂಗಳೂರಿನ ಡಾಕ್ಟರ್ ಜಿ. ಥಾಮಸ್. 1971ರಲ್ಲಿ ಬೆಂಗಳೂರಿನಲ್ಲೇ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಶುರುವಾಯಿತು. ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್ ಅವರ ಕಾಡಿನ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿ ಬೆಳೆದ ಪೀಳಿಗೆ ನಮ್ಮದು. ಆಗ ಸಲೋನ್ ಎನ್ನುವ ಪ್ರದರ್ಶನಗಳಿಗೆ ಪ್ರಿಂಟು ಹೋಗುತ್ತಿದ್ದದ್ದು ಅಂಚೆಯಲ್ಲಿ. 12-15 ಇಂಚಿನ ಪ್ರಿಂಟು, ಎರಡು ಗಟ್ಟಿ ರಟ್ಟಿನ ನಡುವೆ. ಹಿಂಬದಿಯಲ್ಲಿ ಚೀಟಿ: ಹೆಸರು, ವಿಳಾಸ, ಟೈಟಲ್, ಕ್ರಮಸಂಖ್ಯೆ. ತೀರ್ಪುಗಾರರಿಗೆ ಗೊತ್ತಾಗಬಾರದು ಅಂತ ಮುಂದೆ ಹೆಸರು ಇಲ್ಲ. ಆಯ್ಕೆಯಾದರೆ ಸಲೋನಿನವರು ಹಿಂಬದಿಗೆ ತಮ್ಮ ಬಣ್ಣದ ಲೇಬಲ್ ಅಂಟಿಸಿ ಕ್ಯಾಟಲಾಗಿನೊಂದಿಗೆ ತಿರುಗಿ ಕಳಿಸುತ್ತಿದ್ದರು. ನಾಲ್ಕು ದೇಶ ಸುತ್ತಿ ಬಂದ ಪ್ರಿಂಟಿನ ಬೆನ್ನು ನೋಡಬೇಕು ನೀವು, ಹಳೆಯ ಟ್ರಂಕಿನ ಹಾಗೆ! ಮುಂಬದಿ ಕಲೆ, ಹಿಂಬದಿ ಜಾತಕ.

ಡಿಜಿಟಲ್ ಬಂತು, ಹಿಂಬದಿ ಮಾಯವಾಯಿತು.

ಮಾಯ ಅಂದೆ, ಪೂರ್ತಿ ಹಾಗಲ್ಲ. ಕ್ಯಾಮೆರಾ ತಾನೇ ತಾರೀಖು, ಲೆನ್ಸು, ಕೆಲವು ಸಲ ಜಾಗವನ್ನೂ ಫೈಲಿನೊಳಗೆ ಬರೆದಿಡುತ್ತೆ. ವಿವರಣೆ ಬರೆಯಲು ಪ್ರತ್ಯೇಕ ಜಾಗವೂ ಇದೆ. ಆದರೆ ವಾಟ್ಸಾಪಿನಲ್ಲಿ ಫೋಟೋ ಕಳಿಸಿದಾಗ, ಎಷ್ಟೋ ತಾಣಗಳಿಗೆ ಹಾಕಿದಾಗ ಇವೆಲ್ಲ ಉದುರಿಹೋಗುತ್ತವೆ. ಇನ್ನು ಅಳತೆಯ ಲೆಕ್ಕ ನೋಡಿ. ಕ್ಯಾಮೆರಾದ ಮೂಲ ಫೋಟೋ 6000 ಗುಣಿಸು 4000 ಪಿಕ್ಸೆಲ್ ಅಂದರೆ ಎರಡು ಕೋಟಿ ನಲವತ್ತು ಲಕ್ಷ ಚುಕ್ಕೆ. ಗ್ಯಾಲರಿಗೆ 1920 ಗುಣಿಸು 1280 ಮಾಡಿ ಕಳಿಸಿದರೆ ಇಪ್ಪತ್ತೈದು ಲಕ್ಷಕ್ಕೂ ಕಡಿಮೆ. ಹತ್ತರಲ್ಲಿ ಒಂದು ಪಾಲು! ಒಳ್ಳೆಯ ಪ್ರಿಂಟು ಹಾಕಿದರೆ ಅಗಲ ಆರೂವರೆ ಇಂಚೂ ದಾಟದು. ಅಂದರೆ ಕ್ಲಬ್ಬಿನ ಹತ್ತಿರ ಇರುವುದು ನಿಮ್ಮ ಫೋಟೋ ಅಲ್ಲ, ಅದರ ನೆರಳು.

ನಮ್ಮ ಕ್ಲಬ್ಬಿನಲ್ಲಿ ಒಬ್ಬ ಹಿರಿಯರಿದ್ದರು. ಮರಾಠಿಯವರು, ನಾವೆಲ್ಲ ಕಾಕಾ ಅನ್ನುತ್ತಿದ್ದೆವು. 1969ರ ಗೋದಾವರಿ ಮಹಾಪೂರದ ಫೋಟೋ ತೆಗೆದಿದ್ದರು. ಇಲ್ಲಿ ರಾಮಕುಂಡದ ಹತ್ತಿರ ದುತೋಂಡ್ಯಾ ಮಾರುತಿ ಅಂತ ಎರಡು ಮುಖದ ಹನುಮಂತ ಇದ್ದಾನೆ. ನೀರು ಅವನ ಮಂಡಿಗೆ ಬಂತೋ, ಎದೆಗೆ ಬಂತೋ ಎಂಬುದೇ ನಾಶಿಕದ ಜನಕ್ಕೆ ಪ್ರವಾಹದ ಅಳತೆಗೋಲು. ಕ್ಲಬ್ಬಿನ ಮೊದಲ ಗ್ಯಾಲರಿ ಶುರುವಾದಾಗ ಯಾರೋ ಉತ್ಸಾಹಿಗಳು ಕಾಕಾನ ಪ್ರಿಂಟನ್ನು ಸ್ಕ್ಯಾನ್ ಮಾಡಿ 'ಪ್ರಳಯ' ಅಂತ ಹೆಸರಿಟ್ಟು ಹಾಕಿದರು. ಕೆಲವು ವರ್ಷಕ್ಕೆ ಪುಕ್ಕಟೆ ಜಾಗ ಕೊಟ್ಟಿದ್ದ ತಾಣ ಬಾಗಿಲು ಹಾಕಿತು, ಗ್ಯಾಲರಿಯೂ ಹೋಯಿತು. ಕಾಕಾನೂ ಹೋದರು. 2019ರ ಆಗಸ್ಟಿನಲ್ಲಿ ಮತ್ತೆ ದೊಡ್ಡ ಪ್ರವಾಹ ಬಂದಾಗ ಆ ಫೋಟೋ ಎಲ್ಲರಿಗೂ ನೆನಪಾಯಿತು. ಮನೆಯವರು ಪೆಟ್ಟಿಗೆ ಹುಡುಕಿ ಪ್ರಿಂಟು ಕೊಟ್ಟರು. ಹಿಂದೆ ಪೆನ್ಸಿಲಿನಲ್ಲಿ ಮೋಡಿ ತಿರುಗಿದ ಅಕ್ಷರ: ದುತೋಂಡ್ಯಾ ಮಾರುತಿ, ಸೆಪ್ಟೆಂಬರ್ 1969, ಬೆಳಗ್ಗೆ. ಅಷ್ಟೇ. ಆ ಮೂರು ಮಾತು ಇದ್ದದ್ದಕ್ಕೆ ಅದು ಸಾಕ್ಷಿಯಾಯಿತು. ಅರ್ಧ ಶತಮಾನದ ಎರಡು ನೀರಿನ ಮಟ್ಟ ಪಕ್ಕಪಕ್ಕ ಇಟ್ಟು ನೋಡಿದೆವು. 'ಪ್ರಳಯ' ಅಂತಷ್ಟೇ ಉಳಿದಿದ್ದರೆ ಅದು ಯಾವ ನದಿಯ ಯಾವ ನೀರು ಅಂತ ಮೊಮ್ಮಕ್ಕಳಿಗೆ ಹೇಗೆ ಗೊತ್ತಾಗಬೇಕಿತ್ತು?

ಊರಿನ ಹೆಸರು ಬರೆದರೂ ಸಾಲದು ಅನ್ನುವುದು ಇನ್ನೊಂದು ಮಾತು. ಬಿಗ್ಸ್ ಕಾಲದವರು 'ಬೀಜಾಪೂರ್', 'ಧಾರ್ವಾರ್', 'ನಾಸ್ಸಿಕ್' ಅಂತ ತಮಗೆ ಕೇಳಿದಂತೆ ಬರೆದರು. ಬಿಜಾಪುರ 2014ರಲ್ಲಿ ವಿಜಯಪುರ ಆಯಿತು. ಔರಂಗಾಬಾದು 2023ರಲ್ಲಿ ಛತ್ರಪತಿ ಸಂಭಾಜಿನಗರ ಆಯಿತು. ಇವತ್ತಿನ ಹೆಸರಲ್ಲಿ ಹುಡುಕಿದರೆ ಹಳೆಯ ಫೋಟೋ ಸಿಗುವುದಿಲ್ಲ, ಹಳೆಯ ಹೆಸರಲ್ಲಿ ಹುಡುಕಿದರೆ ಹೊಸದು ಸಿಗುವುದಿಲ್ಲ. ಅದಕ್ಕೇ ಊರಿನ ಜೊತೆ ಜಾಗದ ಗುರುತು ಬೇಕು. ಗುಡಿ, ಗುಹೆಯ ನಂಬರು, ಹೊಳೆಯ ದಂಡೆ, ಯಾವ ದಿಕ್ಕಿಗೆ ನಿಂತು ತೆಗೆದದ್ದು. ಊರಿನ ಹೆಸರು ಬದಲಾಗಬಹುದು, ಅಜಂತಾದ ಒಂದನೇ ಗುಹೆ ಒಂದನೆಯದಾಗೇ ಇರುತ್ತೆ.

"ಕಾಕಾ, ಇಷ್ಟೆಲ್ಲ ಬರದ್ರ ಫೋಟೋ ಕಲೆ ಹೆಂಗಾಗ್ತದ್ರೀ? ಪಂಚಾಯ್ತಿ ದಾಖಲೆ ಆಗ್ತದಲ್ರೀ!" ಅಂತ ನಮ್ಮ ಕ್ಲಬ್ಬಿನ ಬಾಗಲಕೋಟೆ ಹುಡುಗ ಒಬ್ಬ ನನ್ನನ್ನು ಕೆಣಕುತ್ತಾನೆ. (ಈಗ ನಾನೇ ಕಾಕಾ ಆಗಿದ್ದೇನೆ!) ಅವನ ಮಾತಿನಲ್ಲೂ ಹುರುಳಿದೆ. ಸ್ಪರ್ಧೆಗೆ ಕಳಿಸುವಾಗ ಟೈಟಲ್ ಏನು ಬೇಕಾದರೂ ಇಡಲಿ, ಹೆಸರು ಮುಚ್ಚಿಡಲಿ, ಅದು ಆಟದ ನಿಯಮ. ಆದರೆ ಸದಸ್ಯರ ಗ್ಯಾಲರಿ ಸ್ಪರ್ಧೆಯಲ್ಲ, ಅದು ಒಂದು ಊರಿನ ಆಲ್ಬಮ್. ಅಲ್ಲಿ ಟೈಟಲ್ ಐಚ್ಛಿಕ ಮಾಡಿ, ವಿವರ ಕಡ್ಡಾಯ ಮಾಡಿ ಅಂತ ನಾನು ಮೀಟಿಂಗಿನಲ್ಲಿ ಹೇಳುತ್ತ ಬಂದಿದ್ದೇನೆ. ಇನ್ನೂ ಪಾಸಾಗಿಲ್ಲ. ಆಗುತ್ತೆ ಬಿಡಿ, 2027ರ ಸಿಂಹಸ್ಥದೊಳಗೆ ಆದರೆ ಸಾಕು.

ಊರು ಬಿಟ್ಟು ಬಂದ ನಮ್ಮಂಥವರಿಗೆ ಇದು ಸ್ವಲ್ಪ ಹೆಚ್ಚೇ ಅನ್ವಯಿಸುತ್ತೆ. ನಮ್ಮ ಮನೆಗಳಲ್ಲಿ ಎರಡು ಊರಿನ ಫೋಟೋಗಳು ಕಲಸಿಹೋಗಿವೆ. ಮಗಳಿಗೆ ಮಲಪ್ರಭೆಯೂ ಗೋದಾವರಿಯೂ ಫೋಟೋದಲ್ಲಿ ಒಂದೇ. ಅಜ್ಜಿಯ ಪಕ್ಕ ನಿಂತವರು ಯಾರು ಅಂತ ಹೇಳಬಲ್ಲವರು ವರ್ಷಕ್ಕೊಬ್ಬರಂತೆ ಕಡಿಮೆಯಾಗುತ್ತಿದ್ದಾರೆ. ಬಾದಾಮಿಯ ಕಂಬ ಯಾವುದು ಅಂತ ಬಿಗ್ಸ್ ಬರೆದಿಟ್ಟ, ಕಂಬದ ಪಕ್ಕದವನನ್ನು ಬಿಟ್ಟ. ನಾವು ಆ ಪಕ್ಕದವನ ಕಡೆಯ ಜನ. ನಮ್ಮ ಹೆಸರನ್ನು ನಾವೇ ಬರೆದುಕೊಳ್ಳಬೇಕು.

ಮೂಲ ಫೈಲು ಎರಡು ಕಡೆ ಇಡಿ, ಬೇರೆ ಬೇರೆ ಮನೆಯಲ್ಲಿದ್ದರೆ ಇನ್ನೂ ಒಳ್ಳೇದು. ವರ್ಷಕ್ಕೆ ಹತ್ತು ಫೋಟೋನಾದರೂ ಪ್ರಿಂಟು ಹಾಕಿಸಿ. ಹಿಂದೆ ಪೆನ್ಸಿಲಿನಲ್ಲಿ ಬರೆಯಿರಿ, ಬಾಲ್‌ಪೆನ್ನು ಬೇಡ, ಒತ್ತಿದ ಗುರುತು ಮುಂದೆ ಮೂಡುತ್ತೆ. ಯಾರು, ಎಲ್ಲಿ, ಯಾವಾಗ. ಮೂರೇ ಮಾತು. ಕನ್ನಡದಲ್ಲಿ ಬರೆದರೆ ಇನ್ನೂ ಚೆಂದ.